ಹತ್ತು ಮಂದಿ ಇಲ್ಲದ ಪಳ್ಳಿ

ಎರ್ನಾಕುಳಂನಿಂದ ಉತ್ತರಕ್ಕೆ ಸುಮಾರು 25 ಕಿಲೋಮೀಟರು ಸಾಗಿದರೆ, ಪೆರಿಯಾರ್ ನದಿಯ ಕವಲುಗಳ ನಡುವೆ ಉತ್ತರ ಪರವೂರು ಎಂಬ ಪೇಟೆ ಸಿಗುತ್ತದೆ. ಕೊಲ್ಲಂ ಬಳಿ ಇನ್ನೊಂದು ಪರವೂರು ಇರುವುದರಿಂದ ಇದಕ್ಕೆ ‘ಉತ್ತರ’ ಅಂಟಿಕೊಂಡಿದೆ. ಪೇಟೆಯ ಗದ್ದಲ ದಾಟಿ ಜೂ ಸ್ಟ್ರೀಟ್ ಎಂಬ ಬೀದಿಗೆ ತಿರುಗಿದರೆ ಸುಣ್ಣ ಬಳಿದ ಎರಡು ಅಂತಸ್ತಿನ ದ್ವಾರಮಂಟಪವೊಂದು ಎದುರಾಗುತ್ತದೆ. ಮೇಲೆ ಕೆಂಪು ಹೆಂಚಿನ ಇಳಿಜಾರು ಮಾಡು, ಕೆಳಗೆ ದಪ್ಪ ಮರದ ಬಾಗಿಲು. ದಾರಿಹೋಕರು ಇದನ್ನು ಯಾವುದೋ ಹಳೆಯ ಜಮೀನುದಾರರ ಮನೆಯ ಹೆಬ್ಬಾಗಿಲೆಂದು ತಿಳಿದರೆ ತಪ್ಪೇನಿಲ್ಲ. ಕೇರಳದ ದೊಡ್ಡ ಮನೆಗಳ ‘ಪಡಿಪ್ಪುರ’ ಇರುವುದೇ ಹೀಗೆ.

ಆದರೆ ಇದು ಮನೆಯಲ್ಲ. ಯಹೂದಿಗಳ ಪ್ರಾರ್ಥನಾ ಮಂದಿರ. ಇಂಗ್ಲಿಷಿನಲ್ಲಿ ಸಿನಗಾಗ್ ಎನ್ನುವ ಇದನ್ನು ಊರಿನವರು ‘ಜೂದಪ್ಪಳ್ಳಿ’ ಎನ್ನುತ್ತಾರೆ. ಮಲಯಾಳದಲ್ಲಿ ಚರ್ಚು ಕೂಡ ಪಳ್ಳಿ, ಮಸೀದಿ ಕೂಡ ಪಳ್ಳಿ, ಸಿನಗಾಗ್ ಕೂಡ ಪಳ್ಳಿಯೇ. ದೇವರ ಮನೆ ಯಾರದಾದರೇನು, ಹೆಸರು ಒಂದೇ! 400 ವರ್ಷ ದಾಟಿದ ಈ ಪಳ್ಳಿಯನ್ನು ಕೇರಳ ಸರ್ಕಾರದ ಮುಜಿರಿಸ್ ಪರಂಪರೆ ಯೋಜನೆಯಡಿ ದುರಸ್ತಿ ಮಾಡಿ, ಕೇರಳ ಯಹೂದಿಗಳ ಕುರಿತ ವಸ್ತುಸಂಗ್ರಹಾಲಯವನ್ನಾಗಿ ಮಾಡಲಾಗಿದೆ. ಅಲ್ಲಿಂದ ನಾಲ್ಕೈದು ಕಿಲೋಮೀಟರು ದೂರದ ಚೇಂದಮಂಗಲಂ ಗ್ರಾಮದ ಪಳ್ಳಿಯೂ ಇಂತಹುದೇ ಇನ್ನೊಂದು ಸಂಗ್ರಹಾಲಯ.

ಪ್ರಾರ್ಥನೆಯ ಮನೆ ಸಂಗ್ರಹಾಲಯವಾಗುವುದು ಯಾವಾಗ? ಇದಕ್ಕೆ ಯಹೂದಿ ಸಂಪ್ರದಾಯದಲ್ಲಿ ಲೆಕ್ಕದ ಉತ್ತರವೇ ಇದೆ. ಸಾಮೂಹಿಕ ಪ್ರಾರ್ಥನೆ ನಡೆಯಬೇಕಾದರೆ 13 ವರ್ಷ ದಾಟಿದ ಹತ್ತು ಮಂದಿ ಗಂಡಸರಾದರೂ ಸೇರಿರಬೇಕು. ಈ ಕೂಟಕ್ಕೆ ‘ಮಿನ್ಯಾನ್’ ಎಂದು ಹೆಸರು. ಒಂಬತ್ತು ಮಂದಿ ಪಂಡಿತರಿದ್ದರೂ ಸಾಲದು, ಹತ್ತನೆಯವನು ಏನೂ ಓದದ ಕೂಲಿಯವನಾದರೂ ನಡೆಯುತ್ತದೆ. ಅವನು ಬರುವ ತನಕ ತೋರಾ ಗ್ರಂಥದ ಸುರುಳಿಯನ್ನು ಹೊರತೆಗೆದು ಸಭೆಯಲ್ಲಿ ಓದುವಂತಿಲ್ಲ. ಪರವೂರಿನಲ್ಲಿ ಈಗ ಆ ಹತ್ತು ಮಂದಿ ಇಲ್ಲ. ಗೋಡೆ ಇದೆ, ಮಾಡು ಇದೆ, ದೀಪ ತೂಗುವ ಕೊಂಡಿ ಇದೆ. ಜನ ಮಾತ್ರ ಇಲ್ಲ. ಯಾರೂ ಅವರನ್ನು ಓಡಿಸಲಿಲ್ಲ. ನೆರೆಯವರ ಕೈಹಿಡಿದು ಕಣ್ಣೀರಿಟ್ಟು ಹೋದವರು ಅವರು. ಈ ಎರಡು ಪಳ್ಳಿಗಳನ್ನು ನೋಡಲು ಹೋಗುವವರು ಇದೊಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗುವುದು ಒಳ್ಳೆಯದು.

ಮೆಣಸಿನ ದಾರಿಯಲ್ಲಿ ಬಂದವರು

ಯಹೂದಿಗಳು ಮಲಬಾರಿಗೆ ಬಂದದ್ದು ಯಾವಾಗ ಎಂಬುದಕ್ಕೆ ಹಲವು ಕತೆಗಳಿವೆ. ಕ್ರಿ.ಶ. 70ರಲ್ಲಿ ರೋಮನರು ಜೆರೂಸಲೇಮಿನ ದೇವಾಲಯವನ್ನು ಕೆಡವಿದ ಮೇಲೆ ಬಂದರೆಂದು ಅವರ ಹಿರಿಯರು ಹೇಳುತ್ತ ಬಂದಿದ್ದಾರೆ. ಕತೆ ಏನೇ ಇರಲಿ, ಬರಲು ಕಾರಣವಂತೂ ಸ್ಪಷ್ಟ. ಅದು ಕರಿಮೆಣಸು. ಪೆರಿಯಾರ್ ಸಮುದ್ರ ಸೇರುವೆಡೆ ರೋಮನರಿಗೂ ಗ್ರೀಕರಿಗೂ ಗೊತ್ತಿದ್ದ ಮುಜಿರಿಸ್ ಎಂಬ ಬಂದರಿತ್ತು. ಪರವೂರಿನ ಸಮೀಪದ ಪಟ್ಟಣಂ ಎಂಬಲ್ಲಿ 2007ರಿಂದ ನಡೆದ ಉತ್ಖನನದಲ್ಲಿ ಮೆಡಿಟರೇನಿಯನ್ ಕಡೆಯ ಜಾಡಿಗಳ ಚೂರುಗಳು ರಾಶಿರಾಶಿಯಾಗಿ ಸಿಕ್ಕಿದವು. ಮುಜಿರಿಸ್ ಇದ್ದದ್ದು ಇಲ್ಲೇ ಎಂದು ಹಲವು ವಿದ್ವಾಂಸರ ಅಭಿಪ್ರಾಯ.

ಕತೆ ಮುಗಿದು ದಾಖಲೆ ಆರಂಭವಾಗುವುದು ಕ್ರಿ.ಶ. 1000ದ ಸುಮಾರಿಗೆ. ಚೇರ ದೊರೆ ಭಾಸ್ಕರ ರವಿವರ್ಮ, ಜೋಸೆಫ್ ರಬ್ಬಾನ್ ಎಂಬ ಯಹೂದಿ ಮುಖಂಡನಿಗೆ ತಾಮ್ರಪಟ ಬರೆಸಿಕೊಟ್ಟ. ವಟ್ಟೆಳುತ್ತು ಲಿಪಿಯಲ್ಲಿರುವ ಆ ಶಾಸನ 72 ಹಕ್ಕುಗಳನ್ನು ಹೇಳುತ್ತದೆ. ಪಲ್ಲಕ್ಕಿಯಲ್ಲಿ ಹೋಗಬಹುದು, ಛತ್ರಿ ಹಿಡಿಸಿಕೊಳ್ಳಬಹುದು, ಹಗಲಲ್ಲೂ ದೀಪ ಹಿಡಿಸಬಹುದು, ಡೋಲು-ಕಹಳೆ ಊದಿಸಬಹುದು, ಕೆಲವು ಸುಂಕಗಳು ಮಾಫಿ! ಆ ಕಾಲದಲ್ಲಿ ಇವು ಅರಮನೆಗೆ ಹತ್ತಿರದವರಿಗಷ್ಟೇ ಸಿಗುತ್ತಿದ್ದ ಮರ್ಯಾದೆಗಳು. ಬಂದವರನ್ನು ಅರಸ ಹೇಗೆ ಕಂಡ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಈ ತಾಮ್ರಪಟಗಳು ಇರುವುದು ಕೊಚ್ಚಿಯ ಮಟ್ಟಾಂಚೇರಿಯ ಪರದೇಶಿ ಸಿನಗಾಗ್‌ನಲ್ಲಿ.

ಈ ಮೆಣಸಿನ ದಾರಿ ನಮ್ಮ ಮಂಗಳೂರನ್ನೂ ಮುಟ್ಟಿತ್ತು. ಟ್ಯುನೀಸಿಯ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ 1132ರಿಂದ 1149ರವರೆಗೆ ಹೆಚ್ಚುಕಡಿಮೆ ಮಂಗಳೂರಿನಲ್ಲೇ ನೆಲೆಸಿದ್ದ. ಮೆಣಸು, ಏಲಕ್ಕಿ, ಅಡಿಕೆ ಕಳಿಸುತ್ತಿದ್ದ. ಕಂಚಿನ ಕೆಲಸದ ಕಾರ್ಖಾನೆಯನ್ನೂ ಇಟ್ಟಿದ್ದ. ಏಡನ್ ಬಂದರಿನ ಗೆಳೆಯರು ಒಡೆದ ತಾಮ್ರದ ಪಾತ್ರೆಗಳನ್ನು ಹಡಗಿನಲ್ಲಿ ಕಳಿಸಿ, ಕರಗಿಸಿ ಹೊಸದು ಮಾಡಿಸಿ ಕಳಿಸೆಂದು ಬರೆಯುತ್ತಿದ್ದರು. ಬೊಮ್ಮ ಎಂಬ ಸ್ಥಳೀಯ ಆಳು ಅವನ ಪರವಾಗಿ ಏಡನ್ನಿನವರೆಗೆ ವ್ಯಾಪಾರಕ್ಕೆ ಹೋಗಿ ಬರುತ್ತಿದ್ದ. 1132ರಲ್ಲಿ ಆಶು ಎಂಬ ಹೆಣ್ಣನ್ನು ಬೆನ್ ಯಿಜು ದಾಸ್ಯದಿಂದ ಬಿಡುಗಡೆ ಮಾಡಿದ ಪತ್ರ ಮಂಗಳೂರಿನಲ್ಲೇ ಬರೆದದ್ದು. ಇವೆಲ್ಲ ತಿಳಿದದ್ದು ಹೇಗೆ? ದೇವರ ಹೆಸರಿರಬಹುದಾದ ಕಾಗದವನ್ನು ಯಹೂದಿಗಳು ಹರಿದು ಬಿಸಾಡುವುದಿಲ್ಲ. ಕೈರೋದ ಸಿನಗಾಗ್ ಒಂದರ ಕೋಣೆಯಲ್ಲಿ ಹಾಗೆ ತುಂಬಿಟ್ಟಿದ್ದ ಹಳೆಯ ಕಾಗದಗಳು 19ನೇ ಶತಮಾನದ ಕೊನೆಯಲ್ಲಿ ಹೊರಬಂದವು. ಅವುಗಳಲ್ಲಿ ಮಂಗಳೂರಿನ ಪತ್ರಗಳೂ ಇದ್ದವು. ಅಮಿತಾವ್ ಘೋಷ್ ಅವರು 1992ರಲ್ಲಿ ಪ್ರಕಟಿಸಿದ ‘ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್’ ಪುಸ್ತಕ ಬೊಮ್ಮನ ಜಾಡನ್ನೇ ಹುಡುಕಿಕೊಂಡು ಹೊರಟದ್ದು.

ಕಟ್ಟಡವೇ ಪಾಠ

ಪರವೂರಿನ ಪಳ್ಳಿಯನ್ನು ಈಗಿನ ರೂಪದಲ್ಲಿ ಕಟ್ಟಿಸಿದವನು ಡೇವಿಡ್ ಕಾಸ್ತಿಯೆಲ್ ಎಂಬ ಮುಖಂಡ. ಕಾಲ 1615–16. ಒಂದೇ ಇಸವಿ ಹೇಳಬಾರದೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಹೀಬ್ರೂ ವರ್ಷ ಆರಂಭವಾಗುವುದು ಸೆಪ್ಟೆಂಬರ್-ಅಕ್ಟೋಬರ್ ಸುಮಾರಿಗೆ. ಹಾಗಾಗಿ ಅವರ ಒಂದು ವರ್ಷ ನಮ್ಮ ಎರಡು ಇಸವಿಗಳ ಮೇಲೆ ಕಾಲು ಚಾಚಿರುತ್ತದೆ. ಇಂತಹ ಕಟ್ಟಡಗಳ ಇಸವಿ ಪುಸ್ತಕದಿಂದ ಪುಸ್ತಕಕ್ಕೆ ಒಂದು ವರ್ಷ ಹೆಚ್ಚುಕಡಿಮೆಯಾಗಲು ಇದೂ ಒಂದು ಕಾರಣ.

ಈ ಕಾಲಗಣನೆ ನಮ್ಮ ಪಂಚಾಂಗದ ಅಣ್ಣತಮ್ಮನಂತಿದೆ. ಚಂದ್ರನ 12 ತಿಂಗಳು ಸೇರಿದರೆ 354 ದಿನ. ಸೂರ್ಯನ ವರ್ಷಕ್ಕೆ ಸುಮಾರು 11 ದಿನ ಕಡಿಮೆ. ಹಾಗೇ ಬಿಟ್ಟರೆ ವಸಂತದ ಹಬ್ಬ ಮಳೆಗಾಲಕ್ಕೆ ಜಾರುತ್ತದೆ. ನಮ್ಮಲ್ಲಿ ಅಧಿಕಮಾಸ ಸೇರಿಸಿ ಇದನ್ನು ಸರಿಪಡಿಸುತ್ತಾರೆ. ಯಹೂದಿಗಳು 19 ವರ್ಷಗಳಲ್ಲಿ 7 ಬಾರಿ ಒಂದು ತಿಂಗಳು ಹೆಚ್ಚಿಗೆ ಸೇರಿಸುತ್ತಾರೆ. ಏಕೆ 19? ಲೆಕ್ಕ ಹಾಕಿ ನೋಡಬಹುದು. 19 ಸೌರವರ್ಷ ಎಂದರೆ 6939.60 ದಿನ. 235 ಚಾಂದ್ರಮಾಸ ಎಂದರೆ 6939.69 ದಿನ. ವ್ಯತ್ಯಾಸ ಸುಮಾರು ಎರಡು ಗಂಟೆ ಮಾತ್ರ! ಪಾಸೋವರ್ ಎಂಬ ಅವರ ದೊಡ್ಡ ಹಬ್ಬ ವಸಂತದ ಹುಣ್ಣಿಮೆಗೆ ಬರುತ್ತದೆ. ಎಷ್ಟೋ ವರ್ಷಗಳಲ್ಲಿ ಅದೂ ನಮ್ಮ ಚೈತ್ರ ಹುಣ್ಣಿಮೆಯೂ ಒಂದೇ ಚಂದ್ರನ ಕೆಳಗೆ ನಡೆಯುತ್ತವೆ.

ಹೆಬ್ಬಾಗಿಲು ದಾಟಿದರೆ ಕಂಬಗಳ ಸಾಲಿನ ಉದ್ದನೆಯ ಮೊಗಸಾಲೆ, ಆಮೇಲೆ ಗೋಡೆ ಸುತ್ತಿದ ಅಂಗಳ, ಆಮೇಲೆ ‘ಅಜಾರಾ’ ಎಂಬ ಮುಂಗೋಣೆ, ಕೊನೆಗೆ ಪ್ರಾರ್ಥನೆಯ ಹಜಾರ. ಒಂದರ ಹಿಂದೊಂದು ಹೀಗೆ ನೀಳವಾಗಿ ಸಾಗುವ ಜೋಡಣೆ ಕೇರಳದ ಬೇರೆ ಸಿನಗಾಗ್‌ಗಳಲ್ಲಿ ಇಷ್ಟು ಪೂರ್ಣವಾಗಿ ಉಳಿದಿಲ್ಲ. ಹೊರಗಿನ ಗದ್ದಲ ಹೆಜ್ಜೆಹೆಜ್ಜೆಗೂ ಹಿಂದೆ ಉಳಿಯುತ್ತದೆ. ಗೋಪುರ, ಪ್ರಾಕಾರ, ನವರಂಗ, ಗರ್ಭಗುಡಿ ಎಂದು ದಾಟಿ ಹೋಗುವ ಅಭ್ಯಾಸವಿರುವ ನಮಗೆ ಈ ನಡಿಗೆ ಹೊಸದೆನಿಸುವುದಿಲ್ಲ. ಇಲ್ಲಿಯ ಯಹೂದಿಗಳು ಪಳ್ಳಿಯೊಳಗೆ ಹೋಗುವಾಗ ಚಪ್ಪಲಿಯನ್ನೂ ಹೊರಗೆ ಬಿಡುತ್ತಿದ್ದರು. ಯೂರೋಪಿನ ಯಹೂದಿಗಳಲ್ಲಿ ಈ ಪದ್ಧತಿ ಇಲ್ಲ.

ಗೋಡೆ ಮುರಕಲ್ಲಿನದು, ಮೇಲೆ ಸುಣ್ಣದ ಗಾರೆ. ಇದರಲ್ಲಿ ಎಂಟನೇ ತರಗತಿಯ ರಸಾಯನಶಾಸ್ತ್ರವಿದೆ. ಕಪ್ಪೆಚಿಪ್ಪನ್ನೋ ಸುಣ್ಣಕಲ್ಲನ್ನೋ ಸುಟ್ಟರೆ ಇಂಗಾಲದ ಡೈ ಆಕ್ಸೈಡ್ ಹೊರಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಅದು ಅರಳುತ್ತದೆ. ಗೋಡೆಗೆ ಬಳಿದ ಮೇಲೆ ಗಾಳಿಯಲ್ಲಿರುವ ಅದೇ ಅನಿಲವನ್ನು ಮೆಲ್ಲಗೆ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಹೀಗಾದ ಗಾರೆಯಲ್ಲಿ ಸಣ್ಣಸಣ್ಣ ರಂಧ್ರಗಳಿದ್ದು, ಮಳೆಗಾಲದಲ್ಲಿ ಗೋಡೆ ಕುಡಿದ ನೀರು ಬಿಸಿಲಲ್ಲಿ ಆರಿಹೋಗುತ್ತದೆ. ಮುರಕಲ್ಲಿನ ಹಳೆಯ ಗೋಡೆಗೆ ಸಿಮೆಂಟು ಮೆತ್ತಿದರೆ ಆ ನೀರು ಒಳಗೇ ಉಳಿದು ಗೋಡೆಯನ್ನು ಕೊರೆಯುತ್ತದೆ. ಹಳೆಯ ಕಟ್ಟಡ ದುರಸ್ತಿ ಮಾಡುವ ಬಲ್ಲವರು ಸಿಮೆಂಟಿನ ಚೀಲಕ್ಕೆ ಹೆದರುವುದು ಇದಕ್ಕೇ.

ಹಜಾರದ ನಡುವೆ ‘ತೆಬಾ’ ಎಂಬ, ಕಟಾಂಜನವಿರುವ ಬಾಗಿದ ಕಟ್ಟೆ. ತೋರಾ ಓದುವುದು ಅಲ್ಲಿ. ಜೆರೂಸಲೇಮಿನ ದಿಕ್ಕಿಗೆ, ಎಂದರೆ ಪಶ್ಚಿಮಕ್ಕೆ, ‘ಹೇಖಾಲ್’ ಎಂಬ ಕೆತ್ತನೆಯ ಮರದ ಗೂಡು. ತೋರಾ ಸುರುಳಿಗಳು ಇರುವುದು ಅದರೊಳಗೆ. ಕೇರಳದ ಸಿನಗಾಗ್‌ಗಳಲ್ಲಿ ಮಾತ್ರ ಕಾಣುವ ಒಂದು ವಿಶೇಷ ಇಲ್ಲಿದೆ. ಮಹಡಿಯ ಮೇಲೆ ಎರಡನೆಯ ತೆಬಾ! ಸಬ್ಬತ್ ಮತ್ತು ಹಬ್ಬದ ದಿನಗಳಲ್ಲಿ ಸುರುಳಿಯನ್ನು ಮೇಲಕ್ಕೆ ಒಯ್ದು ಅಲ್ಲಿಂದ ಓದುತ್ತಿದ್ದರು. ಅದರ ಹಿಂದೆಯೇ ಮರದ ಜಾಲರಿಯ ಆಚೆ ಹೆಂಗಸರು ಕೂರುವ ಜಾಗ. ಕೆಳಗಿನ ಹಜಾರಕ್ಕೆ ಬಾರದ ಹೆಂಗಸರಿಗೆ ಹೀಗೆ ಓದು ಹತ್ತಿರದಲ್ಲೇ ಕೇಳುತ್ತಿತ್ತು.

ಅಡುಗೆಮನೆಯ ವಿಷಯವೂ ಗಮನಿಸುವಂಥದು. ಹಾಲನ್ನೂ ಮಾಂಸವನ್ನೂ ಒಟ್ಟಿಗೆ ಸೇವಿಸಬಾರದೆಂಬುದು ಯಹೂದಿಗಳ ಕಟ್ಟುನಿಟ್ಟಿನ ನಿಯಮ. ಆದರೆ ತೆಂಗಿನ ಹಾಲು ಹಸುವಿನ ಹಾಲಲ್ಲವಲ್ಲ! ಧರ್ಮವನ್ನೂ ಬಿಡದೆ ಮಲಯಾಳದ ರುಚಿಯನ್ನೂ ಬಿಡದೆ ಅವರ ಸಾರು ಗಟ್ಟಿಯಾಯಿತು. ಮದುವೆಯಲ್ಲಿ ಹೀಬ್ರೂ ಮಂತ್ರದ ಜೊತೆಗೆ ತಾಳಿಯೂ ಬಂತು. ತೋರಾ ಹಬ್ಬದ ದಿನ ಸುರುಳಿಗಳನ್ನು ಹೊತ್ತು ಪಳ್ಳಿಯ ಸುತ್ತ ಪ್ರದಕ್ಷಿಣೆ ಬರುತ್ತಿದ್ದರು. ಬೇರೆ ದೇಶಗಳಲ್ಲಿ ಯಹೂದಿಗಳು ಸುತ್ತುಬರುವುದು ಒಳಗಿನ ತೆಬಾಕ್ಕೆ. ಹೊರಗಿನ ಸುತ್ತು, ದೇವರ ಉತ್ಸವವನ್ನು ದಿನವೂ ಕಂಡ ಊರಿನ ಪ್ರಭಾವ ಎಂದು ವಿದ್ವಾಂಸರು ಗುರುತಿಸಿದ್ದಾರೆ.

ಅಜ್ಜಿಯರ ನೋಟುಬುಕ್ಕು

ಪರವೂರಿನಿಂದ ಚೇಂದಮಂಗಲಂಗೆ ಹೋಗುವ ದಾರಿಯಲ್ಲಿ ಹೊಳೆ, ತೆಂಗಿನ ತೋಟ, ಕೈಮಗ್ಗದ ಸದ್ದು. 2018ರ ಆಗಸ್ಟ್ ಪ್ರವಾಹದಲ್ಲಿ ಇಲ್ಲಿಯ ನೇಕಾರರ ಮಗ್ಗಗಳೂ ಓಣಂಗೆ ನೇಯ್ದಿಟ್ಟ ಬಟ್ಟೆಗಳೂ ಕೆಸರುಪಾಲಾದವು. ಕೊಳೆಯಾದ ಆ ಬಟ್ಟೆಯಿಂದಲೇ ‘ಚೇಕುಟ್ಟಿ’ ಎಂಬ ಪುಟ್ಟ ಗೊಂಬೆಗಳನ್ನು ಮಾಡಿ ಮಾರಿ ಊರು ಚೇತರಿಸಿಕೊಂಡದ್ದು ಪತ್ರಿಕೆಗಳಲ್ಲಿ ಬಂದಿತ್ತು.

ಊರಿನ ಕೋಟ್ಟಯಿಲ್ ಕೋವಿಲಗಂ ಎಂಬ ಭಾಗದಲ್ಲಿ ದೇವಸ್ಥಾನ, ಮಸೀದಿ, ಚರ್ಚು, ಸಿನಗಾಗ್ ನಾಲ್ಕೂ ಒಂದು ಕಿಲೋಮೀಟರಿನೊಳಗೆ ಇವೆ. ಒಂದು ಕಾಲದಲ್ಲಿ ಶಂಖ, ಬಾಂಗು, ಗಂಟೆ ಮತ್ತು ಯಹೂದಿಗಳ ಟಗರುಕೊಂಬಿನ ಕಹಳೆ ನಾಲ್ಕೂ ಒಂದೇ ಕಡೆ ನಿಂತವರಿಗೆ ಕೇಳುತ್ತಿದ್ದವೆಂದು ಊರಿನವರು ಹೇಳುತ್ತಾರೆ. ಸಿನಗಾಗ್‌ನ ಮುಂದೆ ಒಂದು ಕಲ್ಲು ನೆಟ್ಟಿದೆ. ‘ಇಸ್ರೇಲನ ಮಗಳು ಸಾರಾ’ ಎಂಬಾಕೆಯ ಸಮಾಧಿ ಕಲ್ಲು ಅದು. ಕಾಲ 1269. ಭಾರತದಲ್ಲಿ ದೊರೆತಿರುವ ಹೀಬ್ರೂ ಬರಹಗಳಲ್ಲಿ ಇದೇ ಅತ್ಯಂತ ಹಳೆಯದೆಂದು ಲೆಕ್ಕ. ರಾಜನಲ್ಲ, ಪಂಡಿತನಲ್ಲ, ಒಬ್ಬ ಹೆಣ್ಣುಮಗಳ ಹೆಸರು 750 ವರ್ಷ ಉಳಿದುಬಂದಿದೆ.

ದುರಸ್ತಿಯಾದ ಈ ಸಿನಗಾಗ್ 2006ರಲ್ಲಿ ಪ್ರದರ್ಶನಕ್ಕೆ ತೆರೆದುಕೊಂಡಿತು. ಒಳಗೆ ನೋಡುವಾಗ ತಲೆಯೆತ್ತಿ ಚಾವಣಿಯ ಮರದ ಕೆತ್ತನೆ ನೋಡುವುದನ್ನು ಮರೆಯಬಾರದು. ಅದಕ್ಕಿಂತ ದೊಡ್ಡ ಸಂಪತ್ತೊಂದು ಕೇರಳದ ಯಹೂದಿಗಳಲ್ಲಿತ್ತು. ಅದು ಹೆಂಗಸರ ಹಾಡು. ಮದುವೆಗೆ, ಹಬ್ಬಕ್ಕೆ, ಪಳ್ಳಿ ಕಟ್ಟಿದ ನೆನಪಿಗೆ, ಬೈಬಲಿನ ಕತೆಗೆ ಅವರು ಮಲಯಾಳದಲ್ಲಿ ಹಾಡು ಕಟ್ಟಿದ್ದರು. ನಡುನಡುವೆ ಹೀಬ್ರೂ ಮಾತು. ಗಂಡಸರ ಎದುರು ಹೆಂಗಸರು ಹಾಡಬಾರದೆಂಬ ನಿರ್ಬಂಧ ಬೇರೆ ಹಲವು ಕಡೆಯ ಯಹೂದಿಗಳಲ್ಲಿತ್ತು. ಇಲ್ಲಿ ಇರಲಿಲ್ಲ. ಹಾಡುಗಳನ್ನು ಹೆಂಗಸರು ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ತಾಯಿಯಿಂದ ಮಗಳಿಗೆ ಅದರ ನಕಲು ಹೋಗುತ್ತಿತ್ತು. ಊರು ಬಿಡುವಾಗ ಪೆಟ್ಟಿಗೆಯಲ್ಲಿ ಸೀರೆ-ಪಾತ್ರೆಗಳ ಜೊತೆಗೆ ಆ ಪುಸ್ತಕಗಳೂ ಹೋದವು.

ಮುಂದೆ ಅವುಗಳ ಬೆಲೆ ಅರಿತವರು ಕೆಲವರು. ಅಮೆರಿಕದ ಮಾನವಶಾಸ್ತ್ರಜ್ಞೆ ಬಾರ್ಬರಾ ಜಾನ್ಸನ್ ಆ ಮನೆಗಳಿಗೆ ಹೋಗಿ ಹಾಡುಗಳನ್ನು ಸಂಗ್ರಹಿಸಿದರು. ಕೊಚ್ಚಿಯಲ್ಲಿ ಹುಟ್ಟಿದ ರೂಬಿ ಡೇನಿಯಲ್ ತಮ್ಮವರ ಹಾಡುಗಳನ್ನು ಇಂಗ್ಲಿಷಿಗೆ ತಂದರು. ಅವರ ನೆನಪುಗಳ ಪುಸ್ತಕ 1995ರಲ್ಲಿ ಹೊರಬಂತು. ಮಲಯಾಳದ ವಿದ್ವಾಂಸ ಸ್ಕರಿಯಾ ಜಕರಿಯಾ ಅವರು ಒಫಿರಾ ಗಮ್ಲಿಯೇಲ್ ಜೊತೆ ಸೇರಿ 2005ರಲ್ಲಿ ‘ಕಾರ್ಕುಳಲಿ’ ಎಂಬ ಹಾಡುಗಳ ಸಂಗ್ರಹವನ್ನು ಮಲಯಾಳ-ಹೀಬ್ರೂ ಎರಡರಲ್ಲೂ ಪ್ರಕಟಿಸಿದರು. ಇವರು ಹೋಗಿ ಕೇಳದಿದ್ದರೆ ಏನಾಗುತ್ತಿತ್ತು? ಮೊಮ್ಮಕ್ಕಳಿಗೆ ಮಲಯಾಳದ ಅಕ್ಷರ ಬಾರದು. ಓದಲಾಗದ ಹಳೆಯ ಪುಸ್ತಕವನ್ನು ಎಷ್ಟು ಮನೆಗಳಲ್ಲಿ ಇಟ್ಟುಕೊಳ್ಳುತ್ತಾರೆ?

ಸಾಮರಸ್ಯದ ಒಳಗಿನ ಬಿರುಕು

ಹೊರಗಿನವರೊಡನೆ ಇಷ್ಟು ಹೊಂದಿಕೊಂಡಿದ್ದ ಜನ ತಮ್ಮೊಳಗೆ ಸಮಾನರಾಗಿದ್ದರೆ? ಇಲ್ಲ. ಇದನ್ನು ಮುಚ್ಚಿಟ್ಟು ಮಕ್ಕಳಿಗೆ ಇತಿಹಾಸ ಹೇಳುವುದು ಸರಿಯಲ್ಲ. ಪರವೂರು, ಚೇಂದಮಂಗಲಂ, ಎರ್ನಾಕುಳಂ ಕಡೆಯವರು ಹಳೆಯ ಮಲಬಾರಿ ಯಹೂದಿಗಳು. 16ನೇ ಶತಮಾನದಲ್ಲಿ ಸ್ಪೇನ್, ಪೋರ್ಚುಗಲ್ ಮುಂತಾದೆಡೆಯಿಂದ ಹಿಂಸೆ ತಾಳಲಾರದೆ ಓಡಿಬಂದವರು ಪರದೇಶಿಗಳು. 1568ರಲ್ಲಿ ಮಟ್ಟಾಂಚೇರಿಯಲ್ಲಿ ಅರಮನೆಯ ಮಗ್ಗುಲಲ್ಲೇ ಪರದೇಶಿ ಸಿನಗಾಗ್ ಎದ್ದಿತು. ಹೊಸಬರು ಹಳಬರಿಗೆ ಹೆಣ್ಣು ಕೊಡಲಿಲ್ಲ, ತಮ್ಮ ಪ್ರಾರ್ಥನೆಯಲ್ಲಿ ಸಮಪಾಲು ಕೊಡಲಿಲ್ಲ. ತಮ್ಮಲ್ಲೇ ದಾಸ್ಯದಿಂದ ಬಿಡುಗಡೆ ಹೊಂದಿದವರ ಸಂತತಿಯನ್ನು ಮುಂಗೋಣೆಯ ನೆಲದ ಮೇಲೆ ಕೂರಿಸಿದರು. ಊರಿನ ಅನ್ನದ ಜೊತೆಗೆ ಊರಿನ ಮೇಲುಕೀಳೂ ಒಳಗೆ ಬಂದಿತ್ತು.

ಇದನ್ನು ಎದುರಿಸಿದವರು ಎ.ಬಿ. ಸೇಲಂ. 1882ರಲ್ಲಿ ಹುಟ್ಟಿದ ಅವರು ವಕೀಲರು, ಕೊಚ್ಚಿ ಶಾಸನಸಭೆಯ ಸದಸ್ಯರಾಗಿದ್ದವರು, 1929ರ ಲಾಹೋರ್ ಕಾಂಗ್ರೆಸ್ ಅಧಿವೇಶನಕ್ಕೆ ಹೋಗಿ ಬಂದವರು. ಅಲ್ಲಿ ಕಲಿತ ಸತ್ಯಾಗ್ರಹವನ್ನು ತಮ್ಮ ಪಳ್ಳಿಯೊಳಗೇ ಪ್ರಯೋಗಿಸಿದರು. ಮಕ್ಕಳನ್ನು ಕರೆದುಕೊಂಡು ಹೋಗಿ, ಕೂರಬಾರದೆಂದ ಕಡೆ ಕುಳಿತರು. ವರ್ಷಗಳ ಹಟದ ನಂತರ ಒಂದೊಂದೇ ನಿರ್ಬಂಧ ಸಡಿಲವಾಯಿತು. ಜನ ಅವರನ್ನು ‘ಯಹೂದಿ ಗಾಂಧಿ’ ಎಂದರು. ಅದೇ ಸುಮಾರಿಗೆ, 1947–48ರಲ್ಲಿ, ಚೇಂದಮಂಗಲಂನ ಪಾಲಿಯಂ ಅರಮನೆಯ ಸುತ್ತಲ ದಾರಿಯಲ್ಲಿ ಕೆಳಜಾತಿಯವರೂ ನಡೆಯಬೇಕೆಂದು ಪಾಲಿಯಂ ಸತ್ಯಾಗ್ರಹ ನಡೆಯಿತು. ನಾಲ್ಕು ದೇವರ ಸದ್ದು ಒಟ್ಟಿಗೆ ಕೇಳುತ್ತಿದ್ದ ಊರಿನಲ್ಲೇ ಎಲ್ಲರೂ ನಡೆಯಲಾಗದ ದಾರಿಯೂ ಇತ್ತು. ಎರಡೂ ನಿಜ.

ಹೋದವರು, ಉಳಿದವರು

1948ರಲ್ಲಿ ಇಸ್ರೇಲ್ ದೇಶ ಹುಟ್ಟಿತು. ಆಗ ಕೇರಳದಲ್ಲಿದ್ದ ಯಹೂದಿಗಳು ಎರಡೂವರೆ ಸಾವಿರದಷ್ಟು. ದಿನಕ್ಕೆ ಮೂರು ಬಾರಿ ಪ್ರಾರ್ಥನೆಯಲ್ಲಿ ಯಾವ ನಾಡಿನ ಹೆಸರು ಹೇಳುತ್ತಿದ್ದರೋ ಆ ನಾಡಿಗೆ ಹೋಗಬೇಕೆಂದು ಹೆಚ್ಚಿನವರು ಮನೆಮಠ ಮಾರಿದರು. ಆದರೆ ಅಲ್ಲಿಯ ಆರೋಗ್ಯ ಇಲಾಖೆ ತಡೆಯಿತು. ಕೊಚ್ಚಿಯ ಕಡೆ ಆನೆಕಾಲು ರೋಗ ಹೆಚ್ಚು. ಅದು ಸೊಳ್ಳೆಯ ಮೂಲಕ ಹರಡುವ ಸಣ್ಣ ಹುಳುವಿನಿಂದ ಬರುವಂಥದು. ರೋಗ ಹೊಸ ದೇಶಕ್ಕೆ ಹಬ್ಬೀತೆಂಬ ಭಯ. ಮಾರಿದವರು ವರ್ಷಗಟ್ಟಲೆ ಕಾಯಬೇಕಾಯಿತು. ಕೊನೆಗೆ 1954ರ ಸುಮಾರಿಗೆ ಊರಿಗೆ ಊರೇ ಹೊರಟಿತು.

ತೆಂಗು-ಹೊಳೆಗಳ ನಾಡಿನವರಿಗೆ ಅಲ್ಲಿ ಸಿಕ್ಕಿದ್ದು ಕಲ್ಲುಗುಡ್ಡ, ಮರಳು. ನೆಗೆವ್ ಮರುಭೂಮಿಯ ನೆವಾತಿಮ್ ಅಂತಹ ಒಂದು ಹಳ್ಳಿ. ಚೇಂದಮಂಗಲಂನಲ್ಲಿ ಹುಟ್ಟಿದ ಎಲಿಯಾಹು ಬೆಜಲೇಲ್ ಅಲ್ಲಿ ಹಸಿರುಮನೆಗಳಲ್ಲಿ ಹೂವು ಬೆಳೆದು ಹೆಸರಾದರು. ಭಾರತ ಸರ್ಕಾರದ ಪ್ರವಾಸಿ ಭಾರತೀಯ ಸಮ್ಮಾನವೂ ಅವರಿಗೆ ಸಂದಿತು. ನೆವಾತಿಮ್‌ನಲ್ಲೂ ಕೊಚ್ಚಿ ಯಹೂದಿಗಳ ನೆನಪಿನ ಒಂದು ಸಂಗ್ರಹಾಲಯವಿದೆ. ಅಲ್ಲಿಯ ಮಕ್ಕಳು ಅದರಲ್ಲಿ ಕೇರಳವನ್ನು ನೋಡುತ್ತಾರೆ. ಇಲ್ಲಿಯ ಮಕ್ಕಳು ಪರವೂರಿನಲ್ಲಿ ಅವರ ಅಜ್ಜಂದಿರನ್ನು ನೋಡುತ್ತಾರೆ.

ಬಿಟ್ಟುಹೋದ ಪಳ್ಳಿಗಳ ಗತಿ ಒಂದೇ ತೆರನಾಗಲಿಲ್ಲ. ಮಾಳ ಎಂಬ ಊರಿನವರು 1955ರಲ್ಲಿ ತಮ್ಮ ಸಿನಗಾಗ್ ಮತ್ತು ಸ್ಮಶಾನವನ್ನು ಪಂಚಾಯಿತಿಗೆ ಒಪ್ಪಿಸಿ ಹೊರಟರು. ಎರ್ನಾಕುಳಂನ ಕಡವುಂಭಾಗಂ ಸಿನಗಾಗ್‌ನ ಮುಂಭಾಗದಲ್ಲಿ ಎಷ್ಟೋ ವರ್ಷ ಬಣ್ಣದ ಮೀನು, ಹೂಗಿಡಗಳ ಅಂಗಡಿ ನಡೆಯಿತು. ಅಂಗಡಿ ಇದ್ದುದರಿಂದಲೇ ಕಟ್ಟಡ ಉಳಿಯಿತೆನ್ನಬೇಕು. ಮಟ್ಟಾಂಚೇರಿಯ ಕಡವುಂಭಾಗಂ ಸಿನಗಾಗ್‌ಗೆ ಆ ಭಾಗ್ಯವೂ ಇರಲಿಲ್ಲ. ಉಗ್ರಾಣವಾಗಿ ಬಳಕೆಯಾಗಿ, ಹಾಳುಬಿದ್ದು, 2019ರ ಸೆಪ್ಟೆಂಬರಿನ ಮಳೆಗೆ ಅದರ ಒಂದು ಭಾಗ ಕುಸಿದುಬಿತ್ತು. ಆದರೆ ಅದರ ಒಳಾಂಗಣದ ಮರಗೆಲಸ ಅದಕ್ಕೂ ಮೊದಲೇ ಹಡಗೇರಿತ್ತು. 1990ರ ದಶಕದಲ್ಲಿ ಜೆರೂಸಲೇಮಿನ ಇಸ್ರೇಲ್ ಮ್ಯೂಸಿಯಂನಲ್ಲಿ ಅದನ್ನು ಮರುಜೋಡಿಸಿದರು. ಪರವೂರಿನ ಪಳ್ಳಿಯ ಹೇಖಾಲ್ ಕೂಡ ಅಲ್ಲಿಗೇ ಹೋಯಿತು. ಇಂದು ಪರವೂರಿನಲ್ಲಿ ಕಾಣುವುದು ಅದರ ಪ್ರತಿಕೃತಿ.

ಕೊಚ್ಚಿಯಲ್ಲಿ ಉಳಿದವರೂ ಒಬ್ಬೊಬ್ಬರಾಗಿ ಮರೆಯಾದರು. ಪರದೇಶಿ ಸಿನಗಾಗ್‌ನ 400ನೇ ವರ್ಷದ ಸಮಾರಂಭಕ್ಕೆ 1968ರಲ್ಲಿ ಪ್ರಧಾನಿ ಇಂದಿರಾ ಗಾಂಧಿ ಬಂದಿದ್ದರು. ಅಂಚೆ ಇಲಾಖೆ ಚೀಟಿ ಹೊರಡಿಸಿತ್ತು. ಅದೇ ಬೀದಿಯಲ್ಲಿ ಕಸೂತಿಯ ಅಂಗಡಿ ಇಟ್ಟಿದ್ದ ಸಾರಾ ಕೋಹೆನ್ 2019ರಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡರು. ಪರದೇಶಿ ಸಮುದಾಯದ ಕೊನೆಯ ಮಹಿಳೆ ಕ್ವೀನಿ ಹಲ್ಲೆಗುವಾ 2024ರ ಆಗಸ್ಟ್‌ನಲ್ಲಿ ತೀರಿಕೊಂಡರು.

ಯಾವುದು ಅಸಲು?

ಹಾಗಾದರೆ ಪರವೂರಿನಲ್ಲಿ ಉಳಿದದ್ದೇನು? ಗೋಡೆ ಇಲ್ಲಿ, ಗೂಡು ಜೆರೂಸಲೇಮಿನಲ್ಲಿ. ಹಾಡು ಹುಟ್ಟಿದ ಭಾಷೆ ಇಲ್ಲಿ, ಹಾಡಿನ ಪುಸ್ತಕ ಅಲ್ಲಿ. ಜೆರೂಸಲೇಮಿನ ಮ್ಯೂಸಿಯಂನಲ್ಲಿ ಅಸಲು ಮರಗೆಲಸವಿದೆ, ಆದರೆ ಹೊರಗೆ ತೆಂಗಿನ ಗರಿಯ ಸದ್ದಿಲ್ಲ. ಪರವೂರಿನಲ್ಲಿ ನಕಲು ಗೂಡಿದೆ, ಆದರೆ ಅದು ಇರುವುದು ಅಸಲು ಗೂಡು ನಿಂತಿದ್ದ ಜಾಗದಲ್ಲೇ. ಯಾವುದು ಹೆಚ್ಚು ಅಸಲು ಎಂದು ತರಗತಿಯಲ್ಲಿ ಒಂದು ಚರ್ಚೆಯನ್ನೇ ನಡೆಸಬಹುದು. ಎರಡೂ ಕಡೆ ಬೆಲೆಬಾಳುವ ವಾದಗಳಿವೆ.

ಒಂದಂತೂ ನಿಜ. ಪರವೂರು, ಚೇಂದಮಂಗಲಂಗಳಲ್ಲಿ ಈ ಪಳ್ಳಿಗಳ ಬೀಗ ತೆಗೆಯುವವರು, ಕಸ ಗುಡಿಸುವವರು, ಬಂದ ಮಕ್ಕಳಿಗೆ ತೆಬಾ ಎಂದರೇನೆಂದು ಹೇಳುವವರು ಇಂದು ಯಹೂದಿಗಳಲ್ಲ. ಹೋದ ನೆರೆಯವರ ದೇವರ ಮನೆಯನ್ನು ಉಳಿದ ನೆರೆಯವರು ನೋಡಿಕೊಳ್ಳುತ್ತಿದ್ದಾರೆ. ಸಾವಿರ ವರ್ಷದ ಹಿಂದೆ ತಾಮ್ರಪಟ ಕೊಟ್ಟ ನಾಡು ಇದು. ಆ ಮಾತು ಇನ್ನೂ ನಡೆಯುತ್ತಿದೆ ಎಂದುಕೊಳ್ಳಬಹುದು. ಮಿನ್ಯಾನ್‌ನ ಹತ್ತು ಮಂದಿಯ ಲೆಕ್ಕಕ್ಕೆ ಇವರು ಸೇರುವುದಿಲ್ಲ. ಆದರೆ ಇವರಿಲ್ಲದಿದ್ದರೆ ಮಳೆಗೆ ಕುಸಿದ ಪಳ್ಳಿಗಳ ಲೆಕ್ಕಕ್ಕೆ ಇನ್ನೆರಡು ಸೇರುತ್ತಿದ್ದವು.

ಬೆಂಗಳೂರು, ಮಂಗಳೂರುಗಳಿಂದ ಎರ್ನಾಕುಳಂಗೆ ರಾತ್ರಿ ಹೊರಟು ಬೆಳಿಗ್ಗೆ ತಲುಪುವ ರೈಲುಗಳಿವೆ. ಆಲುವಾದಲ್ಲೇ ಇಳಿದರೆ ಪರವೂರು ಇನ್ನೂ ಹತ್ತಿರ, ಬಸ್ಸುಗಳು ಸಾಕಷ್ಟಿವೆ. ಪರವೂರು ಮತ್ತು ಚೇಂದಮಂಗಲಂ ಎರಡನ್ನೂ ಒಂದು ದಿನದಲ್ಲಿ ನೋಡಬಹುದು. ಮರುದಿನ ಮಟ್ಟಾಂಚೇರಿಗೆ ಹೋಗಬಹುದು. ಅಲ್ಲಿಯ ಸಿನಗಾಗ್‌ಗೆ ಶನಿವಾರ ಸಬ್ಬತ್ ರಜೆ. ಒಳಗೆ ಚೀನಾದಿಂದ ತರಿಸಿದ, ಕೈಯಲ್ಲಿ ನೀಲಿ ಬಣ್ಣದ ಚಿತ್ರ ಬರೆದ ನೆಲದ ಹಂಚುಗಳಿವೆ. ಒಂದರಂತೆ ಇನ್ನೊಂದಿಲ್ಲ ಎಂದು ಗೈಡುಗಳು ಹೇಳುತ್ತಾರೆ. ಮಕ್ಕಳು ಅದನ್ನು ಹಾಗೇ ನಂಬದೆ, ಬಗ್ಗಿ, ಹೋಲಿಸಿ ನೋಡಲಿ. ಹೊರಗಿನ ಗಡಿಯಾರದ ಗೋಪ 1760ರಲ್ಲಿ ಎಜೆಕಿಯೆಲ್ ರಹಾಬಿ ಕಟ್ಟಿಸಿದ್ದು. ಅದರ ಒಂದು ಮುಖದಲ್ಲಿ ಹೀಬ್ರೂ ಅಂಕಿ, ಒಂದರಲ್ಲಿ ರೋಮನ್, ಇನ್ನೊಂದರಲ್ಲಿ ಮಲಯಾಳ. ಬೇರೆಬೇರೆ ಲಿಪಿ ಓದುವವರಿಗೆ ಅದು ತೋರಿಸಿದ್ದು ಒಂದೇ ಗಂಟೆ.

ಮನೆಗೆ ಮರಳಿದ ಮೇಲೆ ಮಾಡಬಹುದಾದ ಕೆಲಸವೂ ಒಂದಿದೆ. ಅಟ್ಟದ ಮೇಲಿನ ಟ್ರಂಕಿನಲ್ಲಿ ಅಜ್ಜಿಯ ಹಾಡಿನ ಪುಸ್ತಕವೊಂದು ಇದ್ದರೂ ಇರಬಹುದು. ಅಜ್ಜಿ ಇನ್ನೂ ಇದ್ದರೆ, ಅದನ್ನು ಓದಿಸಿ, ಹಾಡಿಸಿ, ಬರೆದಿಟ್ಟುಕೊಳ್ಳಲು ಇದೇ ಸಮಯ.